ಎಡಗಿವಿಗೆ ಹದ ಬರುವವರೆಗೆ

ಎಡಗಡೆ ಸತ್ತುಹೋಗಿದ್ದ ಇಯರ್‌ಫೋನ್ ಜೋಡಿಯೊಂದನ್ನು ಆ ಅಂಗಡಿಯವರು ಎಡಗಿವಿ ಕೇಳದ ಮುದುಕರೊಬ್ಬರಿಗೆ ಮಾರಿದರು. ಹೊಸ ಡಬ್ಬಿಯಲ್ಲಿಟ್ಟು ಪೂರ್ತಿ ಬೆಲೆಗೆ ಮಾರಿದರು.

ಆ ಮುದುಕರು ಅದೇ ಅಂಗಡಿಯ ರಿಪೇರಿ ಮೇಜಿನಲ್ಲಿ ಕೂರುವ ಗಿಳಿಯ ಸೋದರಮಾವ. ಗಿಳಿ ಎಂಬುದು ಮಾವನೇ ಇಟ್ಟ ಹೆಸರು. ಅಪ್ಪ ತೀರಿಕೊಂಡ ಮೇಲೆ ಮಾವನ ಮನೆಯಲ್ಲಿ ಬೆಳೆದ ಹುಡುಗಿ, ಯಾರು ಏನು ಹೇಳಿದರೂ ಒಂದಕ್ಷರ ಬಿಡದೆ ತಿರುಗಿ ಒಪ್ಪಿಸುತ್ತಿದ್ದಳು. ಅತ್ತೆ ಒಳಗಿನಿಂದ ಬೈದದ್ದು ಮಾವನಿಗೆ ಕೇಳದಿದ್ದರೆ, ಅತ್ತೆಯದೇ ರಾಗದಲ್ಲಿ ಅವರ ಬಲಗಿವಿಗೆ ಮುಟ್ಟಿಸಿ ಬರುತ್ತಿದ್ದಳು. ಮೂವತ್ತು ದಾಟಿದರೂ ಹೆಸರು ಉಳಿದಿತ್ತು, ಅಭ್ಯಾಸವೂ ಉಳಿದಿತ್ತು. ಅಂಗಡಿಯವರಿಗೆ ಬೇಕಾಗಿದ್ದೂ ಅದೇ.

ಆ ಅಂಗಡಿಯಲ್ಲಿ ಯಾರೂ ದನಿ ಏರಿಸುವುದಿಲ್ಲ. ನೆಲಕ್ಕೆ ಕಾಲು ಹೂತುಹೋಗುವ ಕಾರ್ಪೆಟ್ಟು, ಗೋಡೆಗೆ ಸದ್ದು ಹೀರುವ ಸ್ಪಂಜು. ಗಾಜಿನ ಪೆಟ್ಟಿಗೆಗಳಲ್ಲಿ ಒಡವೆ ಇಟ್ಟ ಹಾಗೆ ಒಂದೊಂದೇ ಜೋಡಿ, ತಲೆಯ ಮೇಲೊಂದು ಪುಟ್ಟ ದೀಪ. ಬೆಲೆಯ ಚೀಟಿಯನ್ನು ಮಗುಚಿ ಇಟ್ಟಿರುತ್ತಾರೆ. ತಿರುಗಿಸಿ ನೋಡುವವನು ಕೊಳ್ಳುವವನಲ್ಲ ಎಂಬುದು ಮ್ಯಾನೇಜರನ ಸಿದ್ಧಾಂತ. ಕಿರುಬೆರಳ ತುದಿಯಷ್ಟಿರುವ ಎರಡು ಚಿಪ್ಪು, ಅದಕ್ಕೊಂದು ಹೆಣೆದ ತಂತಿ. ಅಷ್ಟಕ್ಕೆ ಗಿಳಿಯ ಅರ್ಧ ವರ್ಷದ ಸಂಬಳ. ಮೂಗಿಗಿಂತ ಮೂಗುತಿ ಭಾರ ಎಂದು ಹಿಂದಿನವರು ಸುಮ್ಮನೆ ಹೇಳಲಿಲ್ಲ, ಅವರು ಕಿವಿಯ ವಿಚಾರ ಇನ್ನೂ ನೋಡಿರಲಿಲ್ಲ ಅಷ್ಟೆ.

ಬಾಳಿಕೆಯ ಮಾತು ಬಂದರೆ, ಡಬ್ಬಿ ಗಟ್ಟಿ. ಮಖಮಲ್ಲು ಹಾಸಿದ, ಅಯಸ್ಕಾಂತದ ಮುಚ್ಚಳದ ಆ ಡಬ್ಬಿ ಮೊಮ್ಮಕ್ಕಳ ಕಾಲಕ್ಕೂ ಬರುತ್ತಿತ್ತು. ಒಳಗಿನದ್ದು ಮಾತ್ರ ವರ್ಷ ದಾಟಲು ಮುಲುಕುತ್ತಿತ್ತು. ತಂತಿ ಚಿಪ್ಪನ್ನು ಸೇರುವ ಕತ್ತಿನ ಹತ್ತಿರ ಒಂದು ದಿನ ಸದ್ದು ಗುಟುಕು ಗುಟುಕಾಗಿ ಬರುವುದು, ಮರುದಿನ ನಿಂತೇಹೋಗುವುದು. ಆದರೆ ‘ಕೆಟ್ಟಿದೆ’ ಎಂಬ ಮಾತನ್ನು ಅಂಗಡಿಯಲ್ಲಿ ಆಡುವಂತಿರಲಿಲ್ಲ. ‘ವಿಶ್ರಾಂತಿಯಲ್ಲಿದೆ’ ಅನ್ನಬೇಕು. ಅಳಿಯ ಅಲ್ಲ, ಮಗಳ ಗಂಡ.

ಯಾಕೆ ವಿಶ್ರಾಂತಿಗೆ ಹೋಯಿತು ಎಂದು ಗಿರಾಕಿ ಕೇಳಿದರೆ, ಅವನದೇ ಮೈಯಲ್ಲಿ ಕಾರಣ ಹುಡುಕಿ ಕೊಡಬೇಕು. ಓಡುವವನಾದರೆ ಬೆವರು. ಓಡದೆ ಕೂರುವವನಾದರೆ ಕಿವಿಯ ಗುಗ್ಗೆ. ದಿನಾ ಸ್ನಾನ ಮಾಡುವವನಾದರೆ ಕಿವಿಯ ಒದ್ದೆ, ಮಾಡದವನಾದರೆ ಕೊಳೆ. ಕೋತಿ ತಾನು ಬೆಣ್ಣೆ ತಿಂದು ಮೇಕೆಯ ಮೂತಿಗೆ ಒರೆಸಿದ್ದನ್ನು ಕತೆಯಲ್ಲಿ ಕೇಳಿದ್ದೇವೆ. ಇಲ್ಲಿ ಆ ಕೋತಿಗೆ ಟೈ ಕಟ್ಟಿ, ಮೇಕೆಯಿಂದಲೇ ಒರೆಸಿದ ಕೂಲಿ ವಸೂಲು ಮಾಡುತ್ತಿದ್ದರು.

ಇದೆಲ್ಲಕ್ಕಿಂತ ದೊಡ್ಡ ಮಂತ್ರ ‘ಹದ’. ಹೊಸದಾಗಿ ಕೊಂಡವನು ಬಂದು ಸದ್ದು ಚೆನ್ನಾಗಿಲ್ಲ ಎಂದರೆ, ಇನ್ನೂ ಹದ ಬಂದಿಲ್ಲ, ದಿನಾ ಹಾಕಿಕೊಳ್ಳಿ, ನಿಧಾನಕ್ಕೆ ಮಾಗುತ್ತದೆ ಅನ್ನಬೇಕು. ವಾಪಸು ಕೊಡುವ ಗಡುವು ಮುಗಿದ ಮೇಲೆ ಬಂದರೆ, ಅಯ್ಯೋ ಹದ ಮೀರಿಬಿಟ್ಟಿದೆ ಅನ್ನಬೇಕು. ಕಾಯಿ ಯಾವಾಗ ಹಣ್ಣಾಯಿತು, ಯಾವಾಗ ಕೊಳೆಯಿತು ಎಂಬುದು ಗಿರಾಕಿಗೆ ತಿಳಿಯುತ್ತಲೇ ಇರಲಿಲ್ಲ. ಹಣ್ಣಾಗಿದ್ದ ಆ ಒಂದು ದಿನ ಬಹುಶಃ ಅಂಗಡಿಗೆ ರಜೆ ಇತ್ತು.

ಗಿಳಿ ಇದನ್ನೆಲ್ಲ ಗಿಳಿಪಾಠದಂತೆ ಒಪ್ಪಿಸುತ್ತಿದ್ದಳು. ಅವಳದೇ ಎನ್ನುವಂಥದ್ದು ಆ ಮೇಜಿನ ಮೇಲೆ ಒಂದೇ ಇತ್ತು, ಕೆಂಪು ಉಗುರುಬಣ್ಣದ ಒಂದು ಪುಟ್ಟ ಶೀಶೆ. ಪರೀಕ್ಷೆ ಮಾಡಿ, ಇದರ ಜೀವ ಹೋಗಿದೆ, ಇನ್ನು ರಿಪೇರಿ ಸಾಧ್ಯವಿಲ್ಲ ಎಂದು ಖಾತ್ರಿಯಾದ ಚಿಪ್ಪಿನ ಅಡಿಗೆ ಸೂಜಿಯ ಮೊನೆಯಿಂದ ಒಂದು ಚುಕ್ಕಿ ಇಡುತ್ತಿದ್ದಳು. ಸತ್ತದ್ದು ಬದುಕಿದ್ದರ ಜೊತೆ ಬೆರೆತು, ಅದನ್ನೇ ಎರಡನೇ ಸಲ ಬಿಚ್ಚಿ ಕೂರುವ ದಂಡದ ಕೆಲಸ ತಪ್ಪಲಿ ಎಂದು ಅವಳೇ ಮಾಡಿಕೊಂಡ ಉಪಾಯ. ಚುಕ್ಕಿ ಬಿದ್ದವು ಹಿಂದಿನ ಟ್ರೇಯಲ್ಲಿ ಕೂತು ಕಂಪನಿಗೆ ವಾಪಸು ಹೋಗುವ ದಿನ ಕಾಯುತ್ತಿದ್ದವು. ಹೋಗುತ್ತಿದ್ದವು ಎಂದು ಅವಳು ನಂಬಿದ್ದಳು.

ಮಾವ ದುಡಿದದ್ದು ತಗಡು ಒತ್ತುವ ಕಾರ್ಖಾನೆಯಲ್ಲಿ. ಯಂತ್ರ ಅವರ ಎಡಕ್ಕಿತ್ತು, ಆದ್ದರಿಂದ ಹೋದದ್ದು ಎಡಗಿವಿ. ಕಿವಿಗೆ ತುರುಕಿಕೊಳ್ಳಲು ಏನಾದರೂ ಕೊಡಿ ಎಂದು ಕೆಲಸಗಾರರು ಕೇಳಿದಾಗ ಮಾಲೀಕರು ಒಂದು ಕಟ್ಟು ಹತ್ತಿ ಕಳಿಸಿದ್ದರು. ಅದರಲ್ಲಿ ಅರ್ಧ ಆಫೀಸಿನವರ ದಿಂಬಿಗೆ ಹೋಯಿತು, ಉಳಿದದ್ದು ಮಾವನವರೆಗೆ ಬರಲಿಲ್ಲ. ಕೆಲಸ ಬಿಡುವ ದಿನ ಒಂದು ಗೋಡೆ ಗಡಿಯಾರ ಕೊಟ್ಟು ಚಪ್ಪಾಳೆ ತಟ್ಟಿದರು. ಮಾವ ಆ ಚಪ್ಪಾಳೆಯಲ್ಲಿ ಅರ್ಧ ಕೇಳಿಸಿಕೊಂಡರು. ‘ಎಡಗಿವಿ ಕಾರ್ಖಾನೆಗೆ ಕೊಟ್ಟೆ, ಬಲಗಿವಿ ನಿಮ್ಮತ್ತೆಗೆ ಕೊಟ್ಟೆ, ನನಗೆ ಅಂತ ಏನೂ ಉಳೀಲಿಲ್ಲ’ ಎನ್ನುವುದು ಅವರ ಹಳೆಯ ಜೋಕು. ಅತ್ತೆ ಪ್ರತಿ ಸಲವೂ ಬಲಗಿವಿಯೂ ತನಗೆ ಪೂರ್ತಿ ಸಿಕ್ಕಿಲ್ಲ ಎಂದು ತಕರಾರು ಹೂಡುತ್ತಿದ್ದರು.

ಬಿಡುವಾಗ ಬಂದ ದುಡ್ಡಿನಲ್ಲಿ ಒಂದು ಪಾಲು ಅತ್ತೆಯ ಹಲ್ಲಿಗೆಂದು ಎತ್ತಿಟ್ಟಿದ್ದರು. ಒಂದು ಕಡೆಯ ದವಡೆ ಖಾಲಿಯಾಗಿ ಅವರು ಇನ್ನೊಂದು ಕಡೆಯಲ್ಲೇ ಅಗಿಯುತ್ತಿದ್ದರು. ಅತ್ತೆ ಒಂದು ಕಡೆ ತಿನ್ನುವುದು, ಮಾವ ಒಂದು ಕಡೆ ಕೇಳುವುದು. ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ಮನುಷ್ಯ. ಆ ಹಲ್ಲಿನ ದುಡ್ಡು ಹೊತ್ತು ಮಾವ ಒಂದು ದಿನ ಸೋದರಸೊಸೆ ಕೆಲಸ ಮಾಡುವ ಅಂಗಡಿಗೆ ಹೋಗಿಬಂದರು. ಗಿಳಿಯನ್ನು ಅವತ್ತು ಅಂಗಡಿಯವರು ಗೋದಾಮಿಗೆ ಕಳಿಸಿದ್ದರು. ವಿಷಯ ತಿಳಿದಾಗ ಅವಳು ಮಾವನನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡಳು. ನಿನ್ನ ಅಂಗಡಿ ಇರುವಾಗ ಬೇರೆಯವರ ಬಾಗಿಲಿಗೆ ಹೋಗಲೇನು ಎಂದು ಅವರು ನಕ್ಕುಬಿಟ್ಟರು. ಅತ್ತೆ ನಗಲಿಲ್ಲ.

‘ನನ್ನ ಹಲ್ಲು ಈಗ ಇವರ ಕಿವಿಯಲ್ಲಿದೆ’ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ಆಮೇಲೆ ತಿಂಗಳುಗಟ್ಟಲೆ ಮಾವ ಬೆಳಿಗ್ಗೆ ಟೀ ಕುಡಿದ ಮೇಲೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಎರಡೂ ಚಿಪ್ಪು ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಕೂರುತ್ತಿದ್ದರು. ಬೇರೆ ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಗಿಳಿಗೂ ಕೇಳಿ ನೋಡುವ ಆಸೆ ಇರಲಿಲ್ಲ. ವಾರವಿಡೀ ಅದರಲ್ಲೇ ಬಿದ್ದಿರುವವಳಿಗೆ ಭಾನುವಾರ ಇಯರ್‌ಫೋನ್ ಕಂಡರೆ ಮೈ ಉರಿಯುತ್ತಿತ್ತು.

ಅಂಥದ್ದೇ ಒಂದು ಭಾನುವಾರ ಮಾವ ಕನ್ನಡಕ ಒರೆಸುವ ಬಟ್ಟೆಯಿಂದ ಚಿಪ್ಪುಗಳನ್ನು ಉಜ್ಜುತ್ತ ಕೂತಿದ್ದರು. ಗಿಳಿ ಬಟ್ಟೆ ಮಡಚುತ್ತಿದ್ದಳು. ಮಾವ ಎಡಗಡೆಯದನ್ನು ಬೆಳಕಿಗೆ ಹಿಡಿದು, ನೀನು ಅಷ್ಟು ವರ್ಷ ಅಲ್ಲಿದ್ದೀಯ, ಇಂಥದ್ದು ನೋಡಿದ್ದೀಯೇನು ಎಂದು ಹೆಮ್ಮೆಯಿಂದ ಕೇಳಿದರು. ಅಡಿಯಲ್ಲೊಂದು ಕೆಂಪು ಚುಕ್ಕಿ. ಅಸಲಿ ಮಾಲಿಗೆ ಮಾತ್ರ ಇದು ಇರುತ್ತದಂತೆ, ನೂರರಲ್ಲಿ ಒಂದಕ್ಕೆ.

ಗಿಳಿಯ ಕೈಯಲ್ಲಿದ್ದ ಅಂಗಿ ಅರ್ಧ ಮಡಿಕೆಯಲ್ಲೇ ನಿಂತಿತು.

ಅವಳು ಕೇಳಿ ಪಡೆಯಲಿಲ್ಲ, ಕಿತ್ತುಕೊಂಡಳು. ಮಾವನ ಹಳೆಯ ಫೋನಿಗೆ ತಂತಿ ಸಿಕ್ಕಿಸಿ ಎರಡೂ ಕಿವಿಗೆ ಹಾಕಿಕೊಂಡಳು. ಬಲಗಡೆ ಹಾಡು ಬರುತ್ತಿತ್ತು. ಎಡಗಡೆ ಕಲ್ಲು. ಎಡಗಡೆಯದನ್ನು ತಿರುವಿ ಬಲಗಿವಿಗೆ ಒತ್ತಿ ನೋಡಿದಳು. ಆಗಲೂ ಕಲ್ಲು. ಸತ್ತ ಕಿವಿಗೆ ಸತ್ತ ಇಯರ್‌ಫೋನು ಗಂಟುಬಿದ್ದು ಇಷ್ಟು ದಿನ ಒಂದು ಜಗಳವಿಲ್ಲದೆ ಸಂಸಾರ ಮಾಡಿದ್ದವು.

ಯಾರು ಮಾರಿದ್ದು, ಏನು ಹೇಳಿ ಮಾರಿದ್ದು ಎಂದು ಅವಳು ಬಿಡಿಸಿ ಬಿಡಿಸಿ ಕೇಳಿದಳು. ಮಾರಿದವನು ಜೇನು. ಅಂಗಡಿಯ ಮೊದಲ ಸಾಲಿನ ಮಾರಾಟಗಾರ. ಮಾತಿಗೆ ಆ ಹೆಸರು ಬಂದಿತ್ತು, ಕಚ್ಚುವುದಕ್ಕೂ ಸರಿಹೊಂದುತ್ತಿತ್ತು. ಮಾವ ಮೊದಲೇ ಹೇಳಿದ್ದರಂತೆ, ಎಡಗಿವಿ ಕೇಳುವುದಿಲ್ಲಪ್ಪ, ನನಗೆ ಕಡಿಮೆಯದು ಯಾವುದಾದರೂ ಸಾಕು ಎಂದು. ಜೇನು ಅವರ ಕೈ ಹಿಡಿದು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದನಂತೆ. ಒಳಗೆ ಹೋಗಿ ಮ್ಯಾನೇಜರನ ಹತ್ತಿರ ಏನೋ ಪಿಸುಗುಟ್ಟಿ ಈ ಡಬ್ಬಿ ತಂದನಂತೆ. ಅಗ್ಗದ್ದು ಕಿವಿಯನ್ನು ಹೊಡೆಯುತ್ತದೆ, ಇದು ಕಿವಿಯನ್ನು ಎಬ್ಬಿಸುತ್ತದೆ. ದಿನಾ ಹಾಕಿಕೊಳ್ಳಿ, ಇದಕ್ಕೆ ಹದ ಬರುತ್ತ ಬರುತ್ತ ಕಿವಿಗೂ ಹದ ಬರುತ್ತದೆ. ಬೇರೆಯವರ ಕಿವಿಗೆ ಮಾತ್ರ ಕೊಡಬೇಡಿ, ಹದ ಕೆಡುತ್ತದೆ ಎಂದನಂತೆ.

ಕಿವಿಯ ಮೇಲೆ ಹೂವಿಡುವುದು ಎಂದು ಜನ ಮಾತಿಗೆ ಅನ್ನುತ್ತಾರೆ. ಜೇನು ಕಿವಿಯ ಒಳಕ್ಕೇ ಇಟ್ಟಿದ್ದ.

ಎಡಗಡೆಯದು ಸತ್ತಿದೆ ಎಂದು ಗಿಳಿ ಹೇಳಿದಾಗ ಮಾವ ಅದನ್ನು ಅವಳ ಕೈಯಿಂದ ತೆಗೆದುಕೊಂಡು ನೋಡಿದರು. ಅವರು ಅಳುತ್ತಾರೇನೋ ಎಂದು ಅವಳು ಹೆದರಿದ್ದಳು. ಆದರೆ ಅವರ ಮುಖ ನಿಧಾನಕ್ಕೆ ಅರಳಿತು.

‘ಹಂಗಾದ್ರೆ ತಪ್ಪು ನನ್ನ ಕಿವೀದಲ್ಲ’ ಎಂದರು. ‘ಪಾಪ, ಅದಕ್ಕೆ ಇಷ್ಟು ದಿನ ಏನೂ ಸಿಕ್ಕೇ ಇಲ್ಲ. ಎದ್ದು ಕೂತಿದ್ರೂ ಕೇಳಿಸಿಕೊಳ್ಳೋಕೆ ಏನಿತ್ತು?’

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಗಿಳಿಯ ಮುಖ ನೋಡಿದರು. ಗಿಳಿ ಅಂಗಿಯ ಮಡಿಕೆ ನೋಡಿದಳು. ಸತ್ತ ನರ ಏಳುವುದಿಲ್ಲ ಎಂದು ಆಗಲೇ ಹೇಳಬಹುದಿತ್ತು. ಬಾಯಿಗೆ ಬಂದ ಮಾತು ಆ ಅರಳಿದ ಮುಖ ಕಂಡು ಹಿಂದಕ್ಕೆ ಹೋಯಿತು.

ಮರುದಿನ ಅವಳು ಡಬ್ಬಿಯನ್ನು ಮ್ಯಾನೇಜರನ ಮೇಜಿನ ಮೇಲಿಟ್ಟು ಚುಕ್ಕಿ ತೋರಿಸಿದಳು. ಅಂಗಡಿಯವರೆಲ್ಲ ಅವನನ್ನು ಬೆನ್ನ ಹಿಂದೆ ಮೆಲುದನಿ ಎನ್ನುತ್ತಿದ್ದರು. ಕೆಲಸದಿಂದ ತೆಗೆಯುವಾಗಲೂ ಅವನು ಜೋಗುಳ ಹಾಡುವ ದನಿಯಲ್ಲೇ ತೆಗೆಯುತ್ತಿದ್ದ. ಚುಕ್ಕಿ ನೋಡಿ ಅವನು ಬೆಚ್ಚಲಿಲ್ಲ, ಬೆವರಲಿಲ್ಲ. ಬೆವರಿಗೆ ಆ ಅಂಗಡಿಯಲ್ಲಿ ವಾರಂಟಿಯೂ ಇರಲಿಲ್ಲ.

‘ಇಷ್ಟು ತಿಂಗಳು ಏನ್ ಮಾಡ್ತಿದ್ರು ನಿಮ್ಮ ಮಾವ?’

‘ಕಾಯ್ತಿದ್ರು ಸರ್.’

‘ಏನನ್ನ?’

‘ಹದ ಬರೋದನ್ನ.’

ಮೆಲುದನಿ ಪೆನ್ನು ಕೆಳಗಿಟ್ಟ. ಆಮೇಲೆ, ಕೋಪ ಮಾಡಿಕೊಳ್ಳದೆ ಯೋಚಿಸಿ ಎಂದು ಶುರುಮಾಡಿದ. ಅವರಿಗೆ ನಷ್ಟವೇನಾಯಿತು? ಕೇಳದ ಕಿವಿಗೆ ಸದ್ದು ಬರುವ ಮಾಲು ಕೊಟ್ಟಿದ್ದರೆ ಆ ಸದ್ದೆಲ್ಲ ದಂಡವಾಗುತ್ತಿತ್ತು. ಚೆನ್ನಾಗಿರುವ ಒಂದು ಜೋಡಿ ಹಾಳಾಗದಂತೆ ನಾವು ಉಳಿಸಿದೆವು. ಅವರಿಗೆ ಬೇಕಾದ ಬಲಗಡೆ ಸರಿಯಾಗಿಯೇ ಇದೆ, ಡಬ್ಬಿ ಸರಿಯಾಗಿದೆ, ಗೌರವಕ್ಕೆ ಕಡಿಮೆ ಮಾಡಿಲ್ಲ, ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ ತಣ್ಣನೆ ನೀರು ಕೊಟ್ಟಿದ್ದೇವೆ. ಇಷ್ಟು ಹೇಳಿ ಅವನು ತನ್ನ ನ್ಯಾಯಕ್ಕೆ ತಾನೇ ತಲೆದೂಗಿದ.

ಗಿಳಿ ದುಡ್ಡು ವಾಪಸು ಕೊಡಿ ಎಂದಳು. ಅತ್ತೆಯ ಹಲ್ಲಿನ ದುಡ್ಡು ಅದು ಎಂದಳು. ಇಲ್ಲಿ ಕೊಡದಿದ್ದರೆ ಕಂಪನಿಯವರಿಗೆ ಚುಕ್ಕಿ ತೋರಿಸುತ್ತೇನೆ ಎಂದೂ ಹೇಳಿದಳು. 

ಮೆಲುದನಿ ಕಿಟಕಿಯ ಕಡೆ ತಿರುಗಿ ಯೋಚಿಸಿದ. ತಿರುಗಿ ಬಂದಾಗ ಅವನ ಮುಖದ ಮೇಲೆ ಸಂತೋಷವಿತ್ತು. ಕಂಪನಿಯವರು ಗಿರಾಕಿಗಳ ಕತೆ ಬೇಕು ಎಂದು ಪ್ರಾಣ ತಿನ್ನುತ್ತಿದ್ದಾರೆ, ನಿಮ್ಮ ಮಾವನಂಥವರು ದೇವರು ಕಳಿಸಿದ ಹಾಗೆ ಸಿಕ್ಕಿದ್ದಾರೆ ಎಂದ. ಮುದುಕರು, ತಗಡಿನ ಕಾರ್ಖಾನೆ, ಸತ್ತ ಕಿವಿ, ಅದನ್ನು ಎಬ್ಬಿಸಿದ ನಮ್ಮ ಇಯರ್‌ಫೋನು. ನಾಲ್ಕು ನಿಮಿಷದ ವಿಡಿಯೋ. ಅದಾದ ಮೇಲೆ ಹೊಸ ಜೋಡಿಯೂ ಕೊಡೋಣ, ದುಡ್ಡನ್ನೂ ಪೂರ್ತಿ ವಾಪಸು ಕೊಡೋಣ. ಎಡಗಡೆ ಸ್ವಲ್ಪ ಕೇಳಿಸ್ತಿದೆ ಎಂದರೆ ಸಾಕು. ‘ಪೂರ್ತಿ ಕೇಳಿಸ್ತಿದೆ ಅಂತ ಸುಳ್ಳು ಹೇಳಿಸೋದು ನಮ್ಮ ಪದ್ಧತಿ ಅಲ್ಲ’ ಎಂದು ಸೇರಿಸಿದ.

ಗಿಳಿ ಎರಡು ದಿನ ಅತ್ತೆ ಊಟ ಮಾಡುವುದನ್ನೇ ನೋಡಿದಳು. ತುತ್ತನ್ನು ನಾಲಗೆಯಿಂದ ತಳ್ಳಿ ತಳ್ಳಿ ಹಲ್ಲಿರುವ ಕಡೆಗೆ ಸಾಗಿಸುವ ಆ ಕೆಲಸ ಮುಗಿಯುವ ಹೊತ್ತಿಗೆ ತಟ್ಟೆ ತಣ್ಣಗಾಗಿರುತ್ತಿತ್ತು. ಮೂರನೆಯ ದಿನ ಅವಳು ಆಗಲಿ ಎಂದಳು.

ವಿಡಿಯೋದ ದಿನ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ಕಿವಿಯ ಕೂದಲು ಕತ್ತರಿಸಿಕೊಂಡು ಬಂದರು. ಗಿರಾಕಿಗಳಿಗೆ ಹಾಡು ಕೇಳಿಸುವ ಒಳಕೋಣೆಯಲ್ಲಿ ದೀಪ ಕಟ್ಟಿದ್ದರು. ಅತ್ತೆಗೆ ಮೂಲೆಯಲ್ಲೊಂದು ಸ್ಟೂಲು. ಚಿತ್ರದಲ್ಲಿ ಅವರು ಬೇಡ, ನಕ್ಕರೆ ದವಡೆ ಕಾಣಿಸುತ್ತದೆ ಎಂದು ಜೇನು ಮೊದಲೇ ಹೇಳಿಬಿಟ್ಟಿದ್ದ. ತಾನು ನಗುವುದಕ್ಕೆ ಬಂದಿಲ್ಲ ಎಂದು ಅತ್ತೆ ಅವನ ಬಾಯಿ ಮುಚ್ಚಿಸಿದರು.

ಗಿಳಿಯ ಕೆಲಸವನ್ನು ಮೆಲುದನಿ ಪಕ್ಕಕ್ಕೆ ಕರೆದು ವಿವರಿಸಿದ. ಹೊಸ ಜೋಡಿಯ ಎಡಗಡೆಯದನ್ನು ಮಾತ್ರ ಹಾಕಬೇಕು. ಸದ್ದು ಏರಿಸುವ ತಿರುಗಣೆ ಮೇಜಿನ ಕೆಳಗೆ ಅವಳ ಕೈಯಲ್ಲಿರುತ್ತದೆ. ಪೂರ್ತಿ ಏರಿಸಿದರೆ ಸದ್ದು ತಲೆಬುರುಡೆಯಲ್ಲಿ ಹಾದು ಆ ಕಡೆಯ ಒಳ್ಳೆ ಕಿವಿಗೆ ಹೋಗುತ್ತದೆ. ಮುದುಕರಿಗೆ ಎಡಗಡೆಯೇ ಕೇಳಿತು ಅನ್ನಿಸುತ್ತದೆ. ಯಾರೂ ಸುಳ್ಳು ಹೇಳಬೇಕಾಗಿಲ್ಲ, ಅವರ ಮುಖವೇ ಹೇಳುತ್ತದೆ. ಆಮೇಲೆ ಅವಳು ಅಳಬೇಕು. ಅಳು ಬರದಿದ್ದರೆ ಮೂಗು ಏರಿಸಿದರೂ ಆದೀತು.

ಅವಳು ಚಿಪ್ಪನ್ನು ಮಾವನ ಎಡಗಿವಿಗೆ ಇಟ್ಟು ತಿರುಗಣೆ ತಿರುಗಿಸಿದಳು. ಜೇನು ಕ್ಯಾಮೆರಾದ ಹಿಂದಿನಿಂದ, ಕೇಳಿಸುತ್ತಿದೆಯೇ ಎಂದು ಕೇಳಿದ. ಮಾವ ತಲೆ ವಾಲಿಸಿ ಪ್ರಾಮಾಣಿಕವಾಗಿ ಯೋಚಿಸಿದರು. ಕೇಳಿಸುತ್ತಿದೆ, ಆದರೆ ಬಲಗಡೆ ಎಂದರು.

ಜೇನು ಕ್ಯಾಮೆರಾ ನಿಲ್ಲಿಸಿದ. ಮಾವನ ಬಲಗಿವಿಗೆ ಹತ್ತಿಯಂಥ ಹಳದಿ ಸ್ಪಂಜು ತುರುಕಿದ. ಕಾರ್ಖಾನೆಯಲ್ಲಿ ಕೇಳಿದಾಗ ಸಿಗದಿದ್ದದ್ದು ಮಾವನಿಗೆ ಕೊನೆಗೂ ಸಿಕ್ಕಿತು, ಒಳ್ಳೆಯ ಕಿವಿಗೆ. ತಿರುಗಣೆಯನ್ನು ಕೊನೆಯವರೆಗೆ ಒಯ್ಯಿರಿ ಎಂದು ಮೆಲುದನಿ ಸನ್ನೆ ಮಾಡಿದ. ಗಿಳಿ ಒಯ್ದಳು. ಚಿಪ್ಪು ಜೀರುಂಡೆಯ ಹಾಗೆ ಅರಚುವುದು ಮೂಲೆಯ ಸ್ಟೂಲಿನವರೆಗೂ ಕೇಳುತ್ತಿತ್ತು.

ಮಾವ ಕಣ್ಣು ಮುಚ್ಚಿದರು. ಅವರ ಬಲಗೈ ತಾನಾಗಿಯೇ ಎದ್ದು, ಗಾಳಿಯಲ್ಲಿ ಏನನ್ನೋ ಹಿಡಿದು ಕೆಳಕ್ಕೆ ಎಳೆಯಿತು. ಮತ್ತೆ ಎದ್ದಿತು, ಮತ್ತೆ ಎಳೆಯಿತು. ಗಿಳಿಗೆ ಅದು ಗೊತ್ತಿತ್ತು. ಚಿಕ್ಕವಳಿದ್ದಾಗ ಊಟದ ಡಬ್ಬಿ ಕೊಡಲು ಹೋದಾಗ ಶೆಡ್ಡಿನ ಬಾಗಿಲಿನಿಂದ ನೋಡಿದ್ದಳು. ಅದು ಯಂತ್ರದ ಹಿಡಿ. ‘ಅದ್ಭುತ’ ಎಂದು ಜೇನು ಪಿಸುಗುಟ್ಟಿದ, ‘ತಾಳ ಹಾಕ್ತಿದ್ದಾರೆ.’

ಅವಳ ಕೈ ತಿರುಗಣೆಯನ್ನು ಹಿಂದಕ್ಕೆ ತಂದಿತು. ಅರಚಾಟ ನಿಂತಿತು. ಮಾವ ಕಣ್ಣು ಬಿಟ್ಟು ಸುತ್ತ ನೋಡಿ, ದೀಪ, ಕ್ಯಾಮೆರಾ, ಜೇನುವಿನ ಹಲ್ಲು ಎಲ್ಲವನ್ನೂ ದಾಟಿ ಗಿಳಿಯ ಮುಖಕ್ಕೆ ಬಂದು ನಿಂತರು.

‘ಗಿಳಿ, ಇದು ಏಳ್ತಾ ಇದೆಯೋ, ಸುಮ್ನೆ ನಡುಗ್ತಾ ಇದೆಯೋ?’ ಎಂದು ಕೇಳಿದರು. ಸ್ಪಂಜಿನ ದೆಸೆಯಿಂದ ಅವರ ದನಿ ಜೋರಾಗಿತ್ತು; ಆ ಕೋಣೆಯಲ್ಲಿ ಅಷ್ಟು ಜೋರಾಗಿ ಯಾರೂ ಎಂದೂ ಮಾತಾಡಿರಲಿಲ್ಲ. ‘ನಂಗೊತ್ತಾಗ್ತಿಲ್ಲಮ್ಮ. ನೀನು ಹೇಳು.’

ಗಿಳಿ ಮೂಲೆಗೆ ನೋಡಿದಳು. ಅತ್ತೆ ತುಟಿ ಬಿಗಿಹಿಡಿದು ಕೂತಿದ್ದರು. ಅವರು ತಲೆಯನ್ನು ಒಂದೇ ಒಂದು ಸಲ, ಬೇಡ ಎನ್ನುವಂತೆ ಆಡಿಸಿದರು. ಏನು ಬೇಡ ಎಂಬುದನ್ನು ಗಿಳಿಗೆ ಬಿಟ್ಟರು.

ಮೆಲುದನಿ ಅವಳ ಭುಜದ ಹತ್ತಿರ ಬಾಗಿದ. ಜೋಗುಳದ ದನಿಯಲ್ಲಿ, ‘ಹದ ಬರ್ತಿದೆ ಅಂತ ಹೇಳಿ. ಅಷ್ಟೇ. ನಿಮ್ಮ ಮಾತು ಅಂದ್ರೆ ನಂಬ್ತಾರೆ’ ಎಂದ.

ಗಿಳಿ ಎದ್ದು ಮಾವನ ಬಲಕ್ಕೆ ಹೋದಳು. ಹಳದಿ ಸ್ಪಂಜನ್ನು ಕಿತ್ತು ಮೇಜಿನ ಮೇಲೆ, ಮಖಮಲ್ಲಿನ ಡಬ್ಬಿಯೊಳಕ್ಕೆ ಹಾಕಿದಳು. ಮಾತನ್ನು ಮೆಲುದನಿಗೇ ಹೇಳಿದಳು, ಆದರೆ ಮಾವನ ಆ ಕಿವಿಗೆ ಒಂದಕ್ಷರವೂ ತಪ್ಪದ ಹಾಗೆ, ದನಿ ಏರಿಸಿ ಹೇಳಿದಳು.

‘ನಂಬ್ತಾರೆ ಸರ್. ಅದಕ್ಕೇ ಹೇಳಲ್ಲ.’